ನಡುವೆ ಹದಿನಾಲ್ಕು ಮೈಕ್ರಾನ್

ಮಾರ್ಚ್ 9

ಮಾವನವರಿಗೆ,

ಹನ್ನೊಂದು ತಿಂಗಳ ಮೇಲೆ ನನ್ನ ಅಕ್ಷರ ನೋಡಿ ಹುಬ್ಬು ಗಂಟಿಕ್ಕುತ್ತೀರಿ ಎಂದು ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿಗೆ ಫೋನಿನ ಮಾತು ಹಿಡಿಯುವುದಿಲ್ಲ, ಅತ್ತೆ ನನ್ನ ನಂಬರ್ ಕಂಡರೆ ಎತ್ತುವುದಿಲ್ಲ. ಹಾಗಾಗಿ ಕಾಗದ. ನಿಮ್ಮ ಮಗನ ವಿಷಯ ಇದರಲ್ಲಿ ಒಂದಕ್ಷರವೂ ಇಲ್ಲ. ಇದು ಕೆಲಸದ ಕಾಗದ, ಧೈರ್ಯವಾಗಿ ಓದಿ.

ನಿಮ್ಮ ಹಳೇ ಕಾರ್ಖಾನೆಯವರು ಕಬ್ಬಿಣ ಉಜ್ಜಿ ಮಟ್ಟ ಮಾಡುವ ಆ ಉದ್ದದ ಗ್ರೈಂಡಿಂಗ್ ಮಷಿನನ್ನು ಹೊಸ ಶೆಡ್ಡಿಗೆ ಸಾಗಿಸಿದ್ದಾರೆ. ಕೂರಿಸಿದ ಮೇಲೆ ಅಳತೆ ಸರಿಯಿದೆಯೇ ನೋಡಿಕೊಡಿ ಎಂದು ನಮ್ಮ ಕಂಪನಿಗೆ ಬರೆದರು, ಕಂಪನಿ ನನ್ನನ್ನು ಕಳಿಸಿತು. ಯಾವ ಮಷಿನ್ ಎಂದು ಅಲ್ಲಿಗೆ ಹೋಗುವವರೆಗೆ ನನಗೂ ಗೊತ್ತಿರಲಿಲ್ಲ. ಮೇಜನ್ನು ಒಂದು ತುದಿಗೆ ಸರಿಸಿ, ಅದು ಜಾರುವ ಎರಕದ ಕಬ್ಬಿಣದ ಬೆಡ್ ಮೇಲೆ ಟಾರ್ಚ್ ಹಾಕಿದೆ. ಕಂಡದ್ದು ನಿಮ್ಮ ಕೈಯ ಗೀರು. ಐದು ವರ್ಷ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನೀವು ಸ್ಕ್ರೇಪರ್ ಹಿಡಿದು ಕಬ್ಬಿಣ ಕೆರೆಯುವುದನ್ನು ನೋಡಿದವಳಿಗೆ ಸಹಿ ಬೇಕಿಲ್ಲ. ನಿವೃತ್ತರಾಗುವ ಮುಂಚೆ ನೀವೂ ನಿಮ್ಮ ಶಿಷ್ಯ ಕುಳ್ಳನೂ ನಾಲ್ಕು ತಿಂಗಳು ಕೆರೆದ ಬೆಡ್ ಇದೇ ಅಲ್ಲವೇ?

ಹೇಗೆ ಅಳೆದೆ ಎಂದು ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ಮೊದಲ ದಿನ ಮೇಜು ಎಷ್ಟು ದೂರ ಓಡುತ್ತದೆ ಎಂಬ ಅಳತೆ. ಬೆಳಕು ಅಲೆಯ ಹಾಗೆ ಆಡುತ್ತದೆ. ಹಗ್ಗದ ತುದಿ ಹಿಡಿದು ಮೇಲೆ ಕೆಳಗೆ ಆಡಿಸಬಹುದು, ಅಕ್ಕಪಕ್ಕಕ್ಕೂ ಆಡಿಸಬಹುದು. ಹಾಗೆ ಒಂದೇ ದಿಕ್ಕಿನಲ್ಲಿ ಆಡುವ ಬೆಳಕಿಗೆ ಧ್ರುವೀಕರಿಸಿದ ಬೆಳಕು ಎನ್ನುತ್ತಾರೆ. ನಮ್ಮ ಲೇಸರ್ ಪೆಟ್ಟಿಗೆಯಿಂದ ಎರಡೂ ಬಗೆಯದು ಒಂದೇ ಕಿರಣವಾಗಿ ಹೊರಡುತ್ತದೆ. ದಾರಿಯಲ್ಲಿಟ್ಟ ಗಾಜಿನ ತುಂಡು ಅವೆರಡನ್ನು ಬೇರೆ ಮಾಡಿ ಒಂದನ್ನು ಅಲುಗದ ಕನ್ನಡಿಗೆ, ಇನ್ನೊಂದನ್ನು ಮೇಜಿನ ಮೇಲಿನ ಕನ್ನಡಿಗೆ ಕಳಿಸುತ್ತದೆ. ಎರಡೂ ವಾಪಸ್ಸು ಬಂದು ಸೇರುವಾಗ, ಮೇಜು ಸರಿದಿದ್ದರೆ ಅಲೆಗಳ ಹೆಜ್ಜೆ ತಪ್ಪಿರುತ್ತದೆ. ಹೆಜ್ಜೆ ಎಷ್ಟು ಸಲ ತಪ್ಪಿ ಎಷ್ಟು ಸಲ ಕೂಡಿತು ಎಂದು ಎಣಿಸಿದರೆ ಸರಿದ ದೂರ ಸಿಗುತ್ತದೆ. ಆ ಅಳತೆಯಲ್ಲಿ ನಿಮ್ಮ ಮಷಿನ್ ಪಾಸು.

ಎರಡನೇ ದಿನ ಬೆಡ್ ನೆಟ್ಟಗಿದೆಯೇ ಎಂಬ ಅಳತೆ. ಇದಕ್ಕೆ ಬೇರೆ ಪ್ರಿಸಂ, ಅದನ್ನು ಮೇಜಿನ ಮೇಲೆ ಕೂರಿಸುತ್ತೇವೆ. ಅದು ಒಂದು ಬಗೆಯ ಬೆಳಕನ್ನು ತುಸು ಮೇಲಕ್ಕೆ, ಇನ್ನೊಂದನ್ನು ತುಸು ಕೆಳಕ್ಕೆ ಬಿಡಿಸುತ್ತದೆ. ಬೆಡ್ಡಿನ ಕೊನೆಯಲ್ಲಿ ಒಂದರ ಮೇಲೊಂದು, ಸ್ವಲ್ಪವೇ ಓರೆಯಾಗಿ ಜೋಡಿಸಿದ ಎರಡು ಕನ್ನಡಿ. ಕಿರಣಗಳು ಒಂದೊಂದಕ್ಕೆ ಬಡಿದು ಬಂದ ದಾರಿಯಲ್ಲೇ ಮರಳುತ್ತವೆ. ಓಡುವ ಮೇಜು ಕೂದಲೆಳೆಯ ಐವತ್ತರಲ್ಲಿ ಒಂದು ಪಾಲು ಮೇಲೆದ್ದರೂ ಒಂದು ಕಿರಣದ ದಾರಿ ಉದ್ದವಾಗುತ್ತದೆ, ಇನ್ನೊಂದರದು ಗಿಡ್ಡವಾಗುತ್ತದೆ. ಅಲ್ಲೂ ಅದೇ ಲೆಕ್ಕ.

ನಿಮ್ಮ ಬೆಡ್ ಮೂರು ಮೀಟರ್ ಉದ್ದದಲ್ಲಿ ನಡುವೆ ಹದಿನಾಲ್ಕು ಮೈಕ್ರಾನ್, ಅಂದರೆ ಕೂದಲೆಳೆಯ ಐದರಲ್ಲೊಂದು ಪಾಲು, ಉಬ್ಬಿದೆ. ಐದರವರೆಗೆ ಬಿಡಬಹುದು, ಅದಕ್ಕಿಂತ ಹೆಚ್ಚಾದರೆ ಫೇಲು. ಮೂರು ಸಲ ಅಳೆದೆ. ವರದಿ ಇನ್ನೂ ಕೊಟ್ಟಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆದೆ.

ಇನ್ನೂ ಹೀಗೆ ಬರೆಯಬಹುದಾದರೆ,
ನಿಮ್ಮ ಸೊಸೆ


ಮಾರ್ಚ್ 20

ಸೊಸೆಗೆ,

ಕಾಗದ ತಲುಪಿತು. ನನಗಿಂತ ಮುಂಚೆ ನಿಮ್ಮತ್ತೆಗೆ ತಲುಪಿತು. ಓದಿ ಮುಗಿಸಿ ನನ್ನ ಮುಂದೆ ಎಸೆದು, ನನ್ನ ಕಿವಿಗೆ ಬೀಳಲಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ತಾನಾಗೇ ಬ್ಯಾಗ್ ತಗೊಂಡು ಹೋದ್ಲು. ಈಗ ನಿಮ್ಮ ಕೆಲಸದ ಮೇಲೂ ಸೇಡು ತೀರಿಸ್ಕೋತಿದಾಳೆ!" ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಬೆಳಕಿನ ಪಾಠ ಚೆನ್ನಾಗಿದೆ. ನನ್ನ ಕಾಲದಲ್ಲಿ ಒಂದು ಕಬ್ಬಿಣದ ನೇರ ಪಟ್ಟಿ, ಒಂದು ಡಬ್ಬಿ ನೀಲಿ ಬಣ್ಣ, ಎರಡು ಕೈ ಇದ್ದವು. ಪಟ್ಟಿಗೆ ಬಣ್ಣ ಸವರಿ ಬೆಡ್ ಮೇಲೆ ಎಳೆದರೆ ಎತ್ತರ ಇರುವಲ್ಲಿ ನೀಲಿ ಅಂಟುತ್ತದೆ. ಅಂಟಿದಲ್ಲಿ ಕೆರೆಯುತ್ತೇವೆ. ಮತ್ತೆ ಬಣ್ಣ, ಮತ್ತೆ ಕೆರೆತ. ಮೂವತ್ತಾರು ವರ್ಷ ಹೀಗೆ ಹೊಟ್ಟೆ ಹೊರೆದೆ. ಹಗ್ಗ ಆಡಿಸುವ ಅಗತ್ಯ ಬೀಳಲಿಲ್ಲ.

ನೀನು ಕೇಳದಿದ್ದರೂ ನಾನು ಕೇಳುತ್ತೇನೆ. ಎಷ್ಟು ಗಂಟೆಗೆ ಅಳೆದೆ? ಆ ಶೆಡ್ಡಿನ ಪೂರ್ವಕ್ಕೆ ದೊಡ್ಡ ಕಿಟಕಿಗಳಿವೆ ಎಂದು ಕುಳ್ಳ ಹೇಳಿದ, ಬೆಡ್ ಮೇಲೆ ಬಿಸಿಲು ಬಿದ್ದಿತ್ತೇ? ಮೇಲ್ಮೈ ಬೆಚ್ಚಗಾಗಿ ತಳ ತಣ್ಣಗಿದ್ದರೆ ಕಬ್ಬಿಣ ಬೆನ್ನು ಉಬ್ಬಿಸುತ್ತದೆ. ಬಾಗಿಲು ತೆರೆದಿತ್ತೇ? ಹೊಸ ಪಾಯಕ್ಕೆ ಎಷ್ಟು ದಿನ ಆಗಿದೆ? ಇದನ್ನೆಲ್ಲ ನಿನಗೆ ನಾನೇ ಕಲಿಸಿದ್ದೆ. ನೆನಪಿಲ್ಲದಿದ್ದರೆ ನೆನಪು ಮಾಡಿಕೋ.

ಇದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ. ಅಳೆಯುವವಳು ನೀನು, ಅಳೆ. ವರದಿ ಕೊಡುವವಳು ನೀನು, ಕೊಡು. ಅಡ್ಡ ಬರುವವನು ನಾನಲ್ಲ.

ಮಾವ


ಏಪ್ರಿಲ್ 2

ಮಾವನವರಿಗೆ,

ನೀವು ಹೇಳಿದಂತೆ ಎಲ್ಲ ಮಾಡಿದೆ. ಬೆಳಿಗ್ಗೆ ಆರಕ್ಕೆ, ಬಿಸಿಲಿಗೆ ಮುಂಚೆ ಹೋದೆ. ಕಿಟಕಿಗಳಿಗೆ ಟಾರ್ಪಾಲ್ ಕಟ್ಟಿಸಿದೆ, ಬಾಗಿಲು ಹಾಕಿಸಿದೆ. ಬೆಡ್ ಮೇಲೆ ಎರಡು ಕಡೆ, ತಳದಲ್ಲಿ ಒಂದು ಕಡೆ ಉಷ್ಣಮಾಪಕ ಅಂಟಿಸಿದೆ. ಮೂರರ ನಡುವೆ ಡಿಗ್ರಿಯ ಹತ್ತರಲ್ಲೊಂದು ಪಾಲೂ ವ್ಯತ್ಯಾಸ ಇರಲಿಲ್ಲ. ಪಾಯ ಹಾಕಿ ನೂರಾ ಹತ್ತು ದಿನ ಆಗಿದೆ. ಮೊದಲ ಓಟದಲ್ಲಿ ಯಾರೋ ಪುಣ್ಯಾತ್ಮ ಕಿರಣದ ಅಡ್ಡ ನಡೆದುಹೋದ. ಬೆಳಕು ಒಂದು ಕ್ಷಣ ತುಂಡಾದರೂ ಎಣಿಕೆ ತಪ್ಪುತ್ತದೆ, ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಶುರು ಮಾಡಿದೆ. ಐದು ಓಟ, ಐದರಲ್ಲೂ ಹದಿನಾಲ್ಕು.

ಕುಳ್ಳ ಬಂದು ಪಕ್ಕದಲ್ಲಿ ಅರ್ಧ ಗಂಟೆ ನಿಂತಿದ್ದರು. "ನೀವು ಹೇಳೋದೇನಾದ್ರೂ ಇದ್ಯಾ?" ಎಂದು ಕೇಳಿದೆ. "ಮೇಷ್ಟ್ರನ್ನ ಕೇಳಿ" ಎಂದು ಹೊರಟೇಹೋದರು. ಅದಕ್ಕೇ ಕೇಳುತ್ತಿದ್ದೇನೆ. ನನಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ? ವರದಿ ಕೊಡುವ ದಿನ ದಾಟುತ್ತಿದೆ. ನಾಳೆ ಸಹಿ ಹಾಕುತ್ತೇನೆ. ಏಪ್ರಿಲ್ ಇಪ್ಪತ್ತಕ್ಕೆ ಬೆಡ್ಡನ್ನು ಗ್ರೈಂಡ್ ಮಾಡಿ ಮಟ್ಟ ಮಾಡುತ್ತಾರಂತೆ. ಒಮ್ಮೆ ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಲ್ಲಿಯವರೆಗೆ ನೀವು ಒಂದು ಸಾಲು ಬರೆದರೂ ನಿಲ್ಲಿಸುತ್ತೇನೆ.

ಇನ್ನೊಂದು ಮಾತು. ಬರೆಯುವುದಿಲ್ಲ ಎಂದಿದ್ದೆ, ಆದರೆ ನಿಮ್ಮ ಕಾಗದದಲ್ಲೇ ಬಂತು. ನಾನಾಗಿ ಮನೆ ಬಿಟ್ಟು ಹೋದೆ ಎಂದು ಅತ್ತೆ ಕಂಡಕಂಡವರಿಗೆ ಹೇಳುತ್ತಿದ್ದಾರೆ ಎಂಬುದು ನನ್ನ ಕಿವಿಗೂ ಬಿದ್ದಿದೆ. ಅವರು ಆ ಸಂಜೆ ಅವರ ಅಕ್ಕನ ಮನೆಯಲ್ಲಿದ್ದರು. ಅವರ ಮಗ ಹೇಳಿದ್ದನ್ನು ಅವರು ನಂಬಿದರು. "ಊರೂರು ಅಲೆಯೋ ಕೆಲಸ ಬಿಡು, ಇಲ್ಲಾ ಮನೆ ಬಿಡು, ಈಗ್ಲೇ ಹೋಗು" ಎಂದು ಹೇಳಿ ನನ್ನ ಬ್ಯಾಗನ್ನು ಮೆಟ್ಟಿಲ ಮೇಲೆ ಇಟ್ಟವರು ನಿಮ್ಮ ಮಗ. ಮನೆಯಲ್ಲಿದ್ದದ್ದು ಮೂರೇ ಜನ. ನೀವು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಿರಿ. ನಿಮಗೆ ಕೇಳಿಸಲಿಲ್ಲ, ಅದು ನಿಮ್ಮ ತಪ್ಪಲ್ಲ. ಆದರೆ ಸೇಡಿಗಾಗಿ ಅಳತೆ ತಿರುಚುವವಳು ಎನ್ನಬೇಡಿ. ನನ್ನ ಹತ್ತಿರ ಉಳಿದಿರುವುದು ನನ್ನ ಮಾತೊಂದೇ. ಅದನ್ನೂ ನಂಬದಿದ್ದರೆ ನಾನು ಏನು ಮಾಡಲಿ?

ನಿಮ್ಮ ಸೊಸೆ


ಏಪ್ರಿಲ್ 22

ಸೊಸೆಗೆ,

ಮೊನ್ನೆ ಸಂಜೆ ಕುಳ್ಳ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಹೊಸಿಲ ಹೊರಗೇ ನಿಂತು ಜೇಬಿನಿಂದ ಒಂದು ಪೇಪರ್ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟ. ಬಿಚ್ಚಿದರೆ ಬೂದು ಬಣ್ಣದ ಕಬ್ಬಿಣದ ಪುಡಿ. "ಇದು ನಿಮ್ದು ಮೇಷ್ಟ್ರೇ. ನನ್ನ ಕೈಲೇ ತೆಗೆಸಿದ್ರು" ಅಂದ. ಅವನ ತುಟಿ ನೋಡಿಯೇ ಅರ್ಥವಾಯಿತು. ಹೋಗುವಾಗ ನಮಸ್ಕಾರ ಮಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು.

ಈಗ ಕೇಳು. ಆ ಹದಿನಾಲ್ಕು ಮೈಕ್ರಾನ್ ತಪ್ಪಲ್ಲ. ನಾನೇ ಬೇಕೆಂದು ಬಿಟ್ಟದ್ದು. ಗ್ರೈಂಡ್ ಮಾಡಲು ಆ ಮೇಜಿನ ಮೇಲೆ ಇಡುವ ಕಬ್ಬಿಣ ನಾಲ್ಕು ಟನ್ ತೂಗುತ್ತದೆ. ಅಷ್ಟು ಭಾರ ಬಿದ್ದರೆ ಎಂಥ ಬೆಡ್ಡೂ ನಡುವೆ ಕುಸಿಯುತ್ತದೆ. ಎಷ್ಟು ಕುಸಿಯುತ್ತದೋ ಅಷ್ಟು ಮೊದಲೇ ಉಬ್ಬಿಸಿಟ್ಟರೆ ಭಾರ ಬಿದ್ದಾಗ ನೆಟ್ಟಗಾಗುತ್ತದೆ. ಖಾಲಿ ಮೇಜಿನಲ್ಲಿ ಅಳೆದರೆ ತಪ್ಪು ಕಾಣುತ್ತದೆ, ಭಾರ ಹೇರಿ ಅಳೆದರೆ ಸರಿ ಕಾಣುತ್ತದೆ. ನನಗೆ ನನ್ನ ಗುರು ಹೇಳಿಕೊಟ್ಟದ್ದು, ನಾನು ಕುಳ್ಳನಿಗೆ ಹೇಳಿದ್ದು. ಡ್ರಾಯಿಂಗ್‌ನಲ್ಲಿ ಎಲ್ಲೂ ಇಲ್ಲ. ನಕ್ಷೆ ಬರೆಯುವ ಡ್ರಾಯಿಂಗ್ ಕೋಣೆಯ ಸಾಹೇಬ ಒಮ್ಮೆ ನನ್ನನ್ನು "ಕೆರೆಯೋನು" ಎಂದು ಕರೆದಿದ್ದ. ಅವನಿಗೆ ಯಾಕೆ ಹೇಳಿಕೊಡಲಿ ಎಂದು ಸುಮ್ಮನಿದ್ದೆ.

ನಿನ್ನ ಮೊದಲ ಕಾಗದ ಓದಿದ ಐದು ನಿಮಿಷದಲ್ಲಿ ನನಗೆ ಎಲ್ಲ ಗೊತ್ತಾಗಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಬಿಸಿಲು, ಬಾಗಿಲು, ಪಾಯ ಎಂದು ಊರೆಲ್ಲ ಸುತ್ತಿಸಿದೆ. ಕುಳ್ಳನಿಗೆ "ಬಾಯಿ ಬಿಟ್ರೆ ನನ್ನ ಮುಖ ನೋಡ್ಬೇಡ" ಎಂದೆ. ನೀನು ಎಡವಲಿ, ಬೆಡ್ ಹಾಳಾಗಲಿ, ಆಮೇಲೆ ಎಲ್ಲರೂ ನನ್ನ ಹತ್ತಿರ ಬರಲಿ ಎಂದು ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಕೈಯಾರೆ ಮಾಡಿದ ಕೊನೆಯ ಕೆಲಸ ಮಣ್ಣುಪಾಲಾದರೂ ಪರವಾಗಿಲ್ಲ, ನೀನು ತಪ್ಪು ಎಂದಾದರೆ ಸಾಕಿತ್ತು. ಯಾಕೆ ಎಂದು ಕೇಳುತ್ತೀಯ. ನೀನು ತಪ್ಪಾಗುವವಳು ಎಂದು ಒಮ್ಮೆ ಸಾಬೀತಾದರೆ, ಆ ಸಂಜೆಯ ವಿಷಯದಲ್ಲೂ ನೀನೇ ತಪ್ಪು ಎಂದು ಅಂದುಕೊಂಡು ನಾನು ನೆಮ್ಮದಿಯಾಗಿ ಇರಬಹುದಿತ್ತು.

ಆ ಸಂಜೆ ಕಿವಿ ಮಷಿನ್ ನನ್ನ ಕಿವಿಯಲ್ಲೇ ಇತ್ತು. ಮೊದಲಿನಿಂದ ಕೊನೆಯವರೆಗೂ ಕೇಳಿಸಿತು. ನೀನು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದೆ. ನಾನು ಪೇಪರಿನ ಹಾಳೆ ತಿರುವಿದೆ. ನೀನು ಹೋದ ಮೇಲೆ ಮಷಿನ್ ತೆಗೆದು ಜೇಬಿಗೆ ಹಾಕಿಕೊಂಡೆ.

ಮಗನಲ್ಲವೇ ಎಂದು ಸುಮ್ಮನಾದೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

ಇನ್ನು ಮುಂದೆ ಕಾಗದವನ್ನು ಕುಳ್ಳನ ಮನೆಯ ವಿಳಾಸಕ್ಕೆ ಬರೆ.

ಮಾವ


ಮೇ 4

ಮಾವನವರಿಗೆ,

ನಿಮ್ಮ ಕಾಗದ ಬಂದ ಮರುದಿನವೇ ಕಾರ್ಖಾನೆಗೆ ಹೋದೆ. ನನ್ನ ಖರ್ಚಿನಲ್ಲಿ, ನನ್ನ ರಜೆಯಲ್ಲಿ. ಕ್ರೇನಿನವರ ಕೈಕಾಲು ಹಿಡಿದು ಮೇಜಿನ ಮೇಲೆ ನಾಲ್ಕು ಟನ್ ಕಬ್ಬಿಣದ ದಿಮ್ಮಿ ಇರಿಸಿ ಅಳೆದೆ. ನಡುವೆ ಹದಿಮೂರು ಮೈಕ್ರಾನ್ ಕುಸಿದಿದೆ. ಕಳೆದ ವಾರ ಗ್ರೈಂಡ್ ಮಾಡಿದ ಮೊದಲ ದೊಡ್ಡ ತುಂಡು ಆಗಲೇ ಕೆಟ್ಟು ಗೋಡೆಯ ಪಕ್ಕ ಬಿದ್ದಿತ್ತು. ನಾನು ಬರುವುದನ್ನು ಕಂಡು ಆಪರೇಟರ್ ಅದರ ಮೇಲೆ ಗೋಣಿಚೀಲ ಹಾಕಿದ. ಮರ್ಯಾದಸ್ಥ.

ಹೊಸ ವರದಿ ಬರೆದೆ. ಖಾಲಿ ಮೇಜಿನ ಅಳತೆ ಸಾಲದಾಗಿತ್ತು, ಭಾರ ಹೇರಿ ನೋಡದೆ ಬೆಡ್ ತಪ್ಪೆಂದು ಬರೆದದ್ದು ನನ್ನ ತಪ್ಪು ಎಂದು ನನ್ನ ಕೈಯಲ್ಲೇ ಬರೆದು ಸಹಿ ಹಾಕಿದೆ. ನಮ್ಮ ಕಂಪನಿಯ ಪುಸ್ತಕದಲ್ಲಿ ಖಾಲಿ ಮೇಜು ಎಂದೇ ಇದೆ, ನಿನ್ನ ತಪ್ಪೇನಿಲ್ಲ, ಯಾಕೆ ಬರೆದುಕೊಟ್ಟೆ ಎಂದು ನಮ್ಮ ಮೇಲಿನವರು ಕೆಂಡ ಕಾರಿದರು. ನನ್ನ ಲೇಸರ್ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಈಗ ಆಫೀಸಿನಲ್ಲಿ ಕೂತು ಬೇರೆಯವರ ಅಳತೆ ಹಾಳೆಗಳಿಗೆ ಮೊಹರು ಒತ್ತುತ್ತೇನೆ.

ನಿಮ್ಮ ಮೇಲೆ ಬಂದಿರುವ ಸಿಟ್ಟನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಎರಡು ಕಾಗದ ಹರಿದು ಹಾಕಿದೆ. ಬೆಡ್ ವಿಷಯಕ್ಕಲ್ಲ. ಒಂದು ವರ್ಷ ನಾನು, ಪಾಪ ಅವರಿಗೆ ಕೇಳಿಸಲಿಲ್ಲ, ಕೇಳಿಸಿದ್ದರೆ ಸುಮ್ಮನಿರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ. ಅದೊಂದು ಸಮಾಧಾನ ಇತ್ತು. ಅದನ್ನೂ ಕಿತ್ತುಕೊಂಡಿರಿ.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಮೊದಲ ದಿನ ಟಾರ್ಚ್ ಹಾಕಿದಾಗಲೇ ನೋಡಿದ್ದೆ. ತುದಿಗಳಲ್ಲಿ ನಿಮ್ಮ ಗೀರು ಐದಾರು ಪದರ ಇತ್ತು, ನಡುವೆ ಎರಡೇ ಪದರ. ಹಾಗೆ ಅಕಸ್ಮಾತ್ತಾಗಿ ಆಗುವುದಿಲ್ಲ, ಯಾರೋ ಲೆಕ್ಕ ಹಾಕಿಯೇ ನಿಲ್ಲಿಸಿದ್ದಾರೆ ಎಂದು ಮನಸ್ಸಿಗೆ ಬಂತು. ಮೊದಲ ಕಾಗದದಲ್ಲೇ ಅದನ್ನು ಕೇಳಬಹುದಿತ್ತು. ಕೇಳಲಿಲ್ಲ. ನಾನು ಬ್ಯಾಗ್ ಹಿಡಿದು ಹೊರಗೆ ಬಂದಾಗ ಆ ಮನೆಯಲ್ಲಿ ಯಾರು ನನ್ನನ್ನು ಒಂದು ಮಾತು ಕೇಳಿದ್ದರು ಎಂದುಕೊಂಡೆ. ಸೇಡು ಎಂದು ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಒಂದೆರಡು ಮೈಕ್ರಾನಿನಷ್ಟು ನಿಜ ಇದೆ.

ಕುಳ್ಳನ ವಿಳಾಸಕ್ಕೆ ಬರೆ ಎಂದಿರಿ, ಬರೆಯುತ್ತಿದ್ದೇನೆ. ಅಂದರೆ ಅತ್ತೆಗೆ ನೀವು ಹೇಳಿಲ್ಲ. ನನಗೆ ಗುಟ್ಟಾಗಿ ಬರೆದರೆ ಏನಾಯಿತು ಮಾವ? ನಡೆದದ್ದು ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಾಗಬೇಕಾದವರು ಬೇರೆ.

ಬೆಡ್ಡನ್ನು ಜೂನ್ ಕೊನೆಗೆ ಗುಜರಿಗೆ ಹಾಕಿ ಹೊಸದು ಎರಕ ಹೊಯ್ಯಿಸುತ್ತಾರಂತೆ.

ಇವಳು


ಮೇ 15

ಸೊಸೆಗೆ,

ಕೆಳಗೆ "ಇವಳು" ಎಂದು ಮಾತ್ರ ಬರೆದಿದ್ದೀಯ. ನೋಡಿದೆ. ನೀನು ಹೇಗೆ ಬರೆದರೂ ನಾನು ಹೀಗೇ ಕರೆಯುತ್ತೇನೆ.

ಕಾಗದ ಓದಿ ಮ್ಯಾನೇಜರ್ ಹತ್ತಿರ ಹೋದೆ. ಗೇಟಿನಲ್ಲಿ ಹೊಸ ಹುಡುಗರು, ನನ್ನನ್ನು ಯಾರೋ ದಾರಿ ತಪ್ಪಿದ ಮುದುಕ ಎಂದುಕೊಂಡು ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದರು. ಕೊನೆಗೆ ಒಳಗೆ ಬಿಟ್ಟರು. ನಡೆದದ್ದೆಲ್ಲ ಹೇಳಿದೆ. ಉಬ್ಬು ನನ್ನದು, ಗುಟ್ಟು ಮಾಡಿದ್ದು ನಾನು, ಕುಳ್ಳನ ಬಾಯಿಗೆ ಬೀಗ ಹಾಕಿದ್ದೂ ನಾನು ಎಂದೆ. ಮ್ಯಾನೇಜರ್ ಏನೇನೋ ಬೈದರು. ಕಿವಿ ಮಷಿನ್ ಹಾಕಿಕೊಂಡೇ ಹೋಗಿದ್ದೆ, ಪೂರ್ತಿ ಕೇಳಿಸಿಕೊಂಡೆ.

ಬೆಡ್ ಉಳಿಸಬಹುದು. ನಡುವೆ ಕಬ್ಬಿಣ ಸೇರಿಸಲು ಬರುವುದಿಲ್ಲ, ಆದರೆ ಎರಡೂ ತುದಿಗಳನ್ನು ತಗ್ಗಿಸಲು ಬರುತ್ತದೆ. ಈ ತುದಿ ಹದಿನಾಲ್ಕು, ಆ ತುದಿ ಹದಿನಾಲ್ಕು, ನಡುವಿಗೆ ಬರುತ್ತಾ ಕಡಿಮೆ. ಒಂದು ಸುತ್ತು ಕೆರೆದರೆ ಎರಡು ಮೈಕ್ರಾನ್ ಹೋಗುತ್ತದೆ. ಏಳೆಂಟು ಸುತ್ತು ಬೇಕು. ಮೂರು ವಾರ ಕೊಡಿ ಎಂದೆ, ಕೊಟ್ಟರು. ಕುಳ್ಳ ನನ್ನ ಜೊತೆ ಕೆರೆಯಲು ಒಪ್ಪಿದ್ದಾನೆ. ಮಾತಾಡುತ್ತಿಲ್ಲ, ಆದರೆ ಸ್ಕ್ರೇಪರ್ ಸಾಣೆ ಹಿಡಿದು ಇಟ್ಟಿದ್ದಾನೆ.

ಒಂದೇ ತೊಂದರೆ. ಉಬ್ಬು ಎಷ್ಟಿದೆ ಎಂದು ಪ್ರತಿ ಸುತ್ತಿಗೂ ನೋಡಬೇಕು. ಹಿಂದೆ ಬೆರಳ ತುದಿಯಲ್ಲಿ ತಿಳಿಯುತ್ತಿತ್ತು. ಈಗ ಬೆರಳನ್ನು ನಂಬುವಂತಿಲ್ಲ, ಕಣ್ಣು ಅದಕ್ಕಿಂತ ಕಡೆ. ನಿನ್ನ ಬೆಳಕು ಬೇಕು. ನಿಮ್ಮ ಕಂಪನಿಯಿಂದ ಬೇರೆ ಯಾರನ್ನಾದರೂ ಕರೆಸೋಣ ಎಂದರು ಮ್ಯಾನೇಜರ್. ಆ ಹುಡುಗಿ ಬಂದು ಅಳೆಯದಿದ್ದರೆ ನಾನು ಸ್ಕ್ರೇಪರ್ ಮುಟ್ಟುವುದಿಲ್ಲ ಎಂದೆ. ನಿಮ್ಮ ಮೇಲಿನವರಿಗೆ ಅವರೇ ಬರೆಯುತ್ತಾರಂತೆ.

ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಮನೆಯಲ್ಲಿ ಇನ್ನೂ ಹೇಳಿಲ್ಲ.

ಮಾವ


ಜೂನ್ 10 ರಿಂದ 26
ಶೆಡ್ಡಿನಲ್ಲಿ, ಅಳತೆ ಹಾಳೆಗಳ ಹಿಂಬದಿಯಲ್ಲಿ ಬರೆದುಕೊಂಡದ್ದು

(10)
ಸೊಸೆ: ಈ ಗದ್ದಲದಲ್ಲಿ ನಿಮ್ಮ ಕಿವಿ ಮಷಿನ್ ಬರೀ ಕಿರುಚುತ್ತದೆಯಂತೆ. ಬರೆದೇ ಮಾತಾಡೋಣ. ಮ್ಯಾನೇಜರ್ ಬರೆದದ್ದಕ್ಕೆ ನನ್ನ ಪೆಟ್ಟಿಗೆಯನ್ನು ಈ ಕೆಲಸಕ್ಕೆ ಮಾತ್ರ ವಾಪಸ್ಸು ಕೊಟ್ಟಿದ್ದಾರೆ. ಖಾಲಿ ಮೇಜು: ನಡು ಸೊನ್ನೆ, ಎಡ ತುದಿ ಸೊನ್ನೆ, ಬಲ ತುದಿ ಸೊನ್ನೆ. ನೋಡಲು ಚಂದ, ಉಪಯೋಗಕ್ಕೆ ಬಾರದು.
ಮಾವ: ನನ್ನ ಮದುವೆ ಫೋಟೋ ಹಾಗೆ.

(13)
ಸೊಸೆ: ಎಡ ತುದಿ ನಾಲ್ಕು ತಗ್ಗಿದೆ, ಬಲ ಮೂರು. ನಿಮ್ಮ ಕೈ ನಡುಗುತ್ತಿದೆ, ಕೂತುಕೊಳ್ಳಿ.
ಮಾವ: ಕೈಯಲ್ಲ, ಕನ್ನಡಕ ನಡುಗಿತು.
ಸೊಸೆ: ಕೂತುಕೊಳ್ಳಿ.
ಮಾವ: ಕೂತೆ. ಕುಳ್ಳನಿಗೆ ಕೊಟ್ಟೆ. ಅವನು ಇವತ್ತು "ಜರುಗಿ" ಅಂದ. ಒಂದು ಮಾತಾಡಿದ ಹಾಗಾಯಿತು.

(17)
ಮಾವ: ಬೆಳಿಗ್ಗೆಯಿಂದ ನಿನ್ನ ಪೆಟ್ಟಿಗೆ ಏನೂ ತೋರಿಸುತ್ತಿಲ್ಲ. ಕೆಟ್ಟಿತೇ?
ಸೊಸೆ: ಇಲ್ಲ. ಪ್ರಿಸಂ ಓರೆಯಾಗಿ ಕೂರಿಸಿಬಿಟ್ಟಿದ್ದೆ. ಎರಡು ಬಗೆಯ ಬೆಳಕೂ ಕಲಸಿಹೋದರೆ ಯಾವುದು ಯಾವ ದಾರಿಯಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ತಪ್ಪು ನನ್ನದು.
ಮಾವ: ಈ ಹಾಳೆ ನನ್ನ ಹತ್ತಿರ ಇರಲಿ. ಆಗಾಗ ತೆಗೆದು ನಿನಗೆ ತೋರಿಸಲು.

(21)
ಸೊಸೆ: ಎಡ ಹನ್ನೊಂದು, ಬಲ ಹನ್ನೊಂದು. ಇಲ್ಲಿಂದ ಮುಂದೆ ನಿಧಾನ.
ಮಾವ: ದಿನಾ ಇವತ್ತು ಹೇಳೋಣ ಎಂದೇ ಮನೆಗೆ ಹೋಗುತ್ತೇನೆ. ಊಟಕ್ಕೆ ಕೂತರೆ ಸಾರಿಗೆ ಉಪ್ಪು ಸಾಲದು ಎಂದಷ್ಟೇ ಹೇಳಿ ಏಳುತ್ತೇನೆ.
ಸೊಸೆ: ನಾನು ಕೇಳಲಿಲ್ಲ.
ಮಾವ: ಗೊತ್ತು. ನೀನು ಕೇಳಿದ್ದರೆ ಸುಲಭವಾಗುತ್ತಿತ್ತು.

(26)
ಸೊಸೆ: ಖಾಲಿ ಮೇಜು: ನಡು ಹದಿನಾಲ್ಕು ಎತ್ತರ. ನಾಲ್ಕು ಟನ್ ಹೇರಿದ ಮೇಲೆ: ಎಲ್ಲಿ ನೋಡಿದರೂ ಎರಡರ ಒಳಗೆ. ಪಾಸು.
ಮಾವ: ಇನ್ನೊಮ್ಮೆ ಅಳೆ.
ಸೊಸೆ: ಅಳೆದೆ. ಅದೇ.
ಮಾವ: ಡ್ರಾಯಿಂಗ್ ಕೋಣೆಗೆ ಹೋಗಿ ಬಂದೆ. ನಡು ಹದಿನಾಲ್ಕು ಎತ್ತರ ಇರಬೇಕು, ಭಾರ ಹೇರಿಯೇ ಅಳೆಯಬೇಕು ಎಂದು ಅವರ ಮುಂದೆಯೇ ಬರೆಸಿ ಸಹಿ ಹಾಕಿದೆ. ಇನ್ನು ಮನೆಗೆ ಹೋಗುತ್ತೇನೆ. ಇವತ್ತು ಮಗನೂ ಊಟಕ್ಕೆ ಇರುತ್ತಾನೆ.


ಜುಲೈ 8

ನಿನಗೆ,

ನಾನು ಬರೆಯುತ್ತಿರುವುದು. ನಿಮ್ಮ ಮಾವ ಅಲ್ಲ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ಹೊಲಿಗೆ ಅಂಗಡಿಯ ಚೀಟಿ ಬರೆದು ಅಭ್ಯಾಸ. ಹೆಚ್ಚು ಕಮ್ಮಿಯಾದರೆ ನೀನೇ ಸರಿ ಮಾಡಿಕೊಂಡು ಓದಿಕೋ.

ಇಪ್ಪತ್ತಾರನೇ ತಾರೀಕು ಊಟಕ್ಕೆ ಕೂತಾಗ ನಿಮ್ಮ ಮಾವ ಹೇಳಿದರು. ನಿನ್ನ ಬ್ಯಾಗನ್ನು ಮೆಟ್ಟಿಲ ಮೇಲೆ ಇಟ್ಟದ್ದು ಯಾರು, ಏನೇನು ಮಾತಾಡಿದ್ದು, ಎಲ್ಲ. "ನಿಮ್ಗೆ ಕಿವಿನೇ ಕೇಳಲ್ಲ, ನಿಮ್ಗೇನ್ ಗೊತ್ತು?" ಎಂದ ನನ್ನ ಮಗ. "ಅವತ್ತು ಎಲ್ಲಾ ಕೇಳಿಸ್ತು. ನಾನು ಸುಮ್ನಿದ್ದೆ, ಅದು ನನ್ನ ಹೇಡಿತನ" ಎಂದರು. ಮಗ ತಟ್ಟೆ ಬಿಟ್ಟು ಎದ್ದು ಹೋದ. ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದಲೂ ನನ್ನ ಕಡೆ ನೋಡುವುದಿಲ್ಲ. ಆ ತಟ್ಟೆಯನ್ನು ಬೆಳಗಿನವರೆಗೆ ತೆಗೆಯಲಿಲ್ಲ.

ನಿಮ್ಮ ಮಾವನ ಜೊತೆ ನಾಲ್ಕು ದಿನ ಮಾತು ಬಿಟ್ಟೆ. ಕಿವುಡರ ಜೊತೆ ಮಾತು ಬಿಟ್ಟರೆ ಅವರಿಗೆ ಗೊತ್ತೇ ಆಗುವುದಿಲ್ಲ, ಅದೊಂದು ಸಂಕಟ ಬೇರೆ. ಆಮೇಲೆ ಯೋಚನೆ ಮಾಡಿದೆ. ಅವರು ಸುಮ್ಮನಿದ್ದದ್ದು ಒಂದು ಪಾಲು ತಪ್ಪು. ನಾನು ಸುಮ್ಮನಿರದೆ ಇದ್ದದ್ದು ಅದಕ್ಕಿಂತ ದೊಡ್ಡದು. ನೀನೇ ನನಗೆ ಹೇಳಬಹುದಿತ್ತಲ್ಲ ಎಂದು ಒಂದು ದಿನ ನಿನ್ನ ಮೇಲೂ ಸಿಟ್ಟು ಮಾಡಿಕೊಂಡೆ. ನೀನು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ, ಅದೂ ನಿಜ.

ಯಾರ್ಯಾರಿಗೆ ಹೇಳಿದ್ದೆ ಎಂದು ಅಂಗಡಿಯ ಚೀಟಿಯ ಹಿಂದೆ ಪಟ್ಟಿ ಮಾಡಿದೆ. ತಾನಾಗಿ ಬಿಟ್ಟು ಹೋದಳು, ಕೆಲಸದ ಸೊಕ್ಕು, ಗಂಡ ಬೇಡವಾದ ಎಂದು ಹದಿನೇಳು ಮನೆಯಲ್ಲಿ ಹೇಳಿದ್ದೇನೆ. ಅಂಗಡಿಗೆ ಬಂದ ಗಿರಾಕಿಗಳಲ್ಲಿ ಹೆಸರು ನೆನಪಿಲ್ಲದವರನ್ನು ಬಿಟ್ಟು. ಕಳೆದ ಸೋಮವಾರದಿಂದ ಆ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಎರಡು ಮನೆ. ಒಳಗೆ ಕೂರುವುದಿಲ್ಲ, ಕೂತರೆ ಮಾತು ಬೇರೆ ಕಡೆಗೆ ಹೋಗುತ್ತದೆ. ಬಾಗಿಲಲ್ಲೇ ನಿಂತು "ನಾನು ಹೇಳಿದ್ದು ಸುಳ್ಳು. ನನ್ನ ಸೊಸೆನ ನನ್ನ ಮಗನೇ ಹೊರಗೆ ಹಾಕಿದ್ದು" ಎಂದು ಹೇಳಿ ಬರುತ್ತೇನೆ. ಮೂರನೇ ಮನೆಯವಳು ನಾನು ಯಾವಾಗ ಏನು ಹೇಳಿದ್ದೆ ಎಂಬುದನ್ನೇ ಮರೆತಿದ್ದಳು, ಅವಳಿಗೆ ಮೊದಲು ಸುಳ್ಳು ನೆನಪು ಮಾಡಿಸಿ ಆಮೇಲೆ ನಿಜ ಹೇಳಬೇಕಾಯಿತು. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು ಹೊಲಿಯಲು ಕೊಟ್ಟ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದರು, ಯಾಕೋ ಗೊತ್ತಿಲ್ಲ.

ವಾಪಸ್ಸು ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಬರಬೇಡ. ಅವನ ಜೊತೆ ನೀನು ಇರಬೇಕೆಂದು ಇನ್ನು ನಾನು ಹೇಳುವುದಿಲ್ಲ. ನಿನಗೆ ತಿಳಿದಿರಲಿ ಎಂದಷ್ಟೇ.

ಹನ್ನೆರಡು ಮನೆ ಮುಗಿದಿವೆ, ಐದು ಬಾಕಿ. ನನ್ನ ಅಕ್ಕನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ಅಲ್ಲೇ ಹೇಳಿದ್ದೆ. ಅವಳು ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದು ನನ್ನ ಬಾಯಿಂದ ಇನ್ನೊಂದು ಸಲ ಹೇಳಿಸುತ್ತಾಳೆ, ನಗುತ್ತಾಳೆ. ಹೇಳುತ್ತೇನೆ. ನಗಲಿ.

ಅತ್ತೆ